ಪದಚರ್ಚೆ: ಟ್ರ್ಯಾಕ್ಟರಿನ ‘ರೀಜನರೇಷನ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ಟರ್ ಚಾಲಕರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ರೀಜನರೇಷನ್’ ಎಂಬ ಪದಕ್ಕೆ ನಿಮ್ಮ ಸಲಹೆ ಬೇಕಾಗಿದೆ.

2023ರ ಜನವರಿಯಿಂದ ನಮ್ಮ ದೇಶದಲ್ಲಿ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಯಲ್ಲಿದೆ. ಅದರಿಂದಾಗಿ ಇಂಥ ಹಲವು ಟ್ರ್ಯಾಕ್ಟರುಗಳ ಹೊಗೆಯ ಹಾದಿಯಲ್ಲಿ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಎಂಬ, ಮಸಿ ಹಿಡಿಯುವ ಫಿಲ್ಟರ್ ಸೇರಿಕೊಂಡಿದೆ. ಅದರೊಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಒಂದರ ಮುಂಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂಬಾಯಿ ಮುಚ್ಚಿರುತ್ತದೆ. ಹೊಗೆ ನಡುವಿನ ಗೋಡೆಯನ್ನು ಹಾದೇ ಹೊರಬರಬೇಕು. ಮಸಿ ಒಳಗೇ ಉಳಿಯುತ್ತದೆ. ಹೀಗೆ ಕೂಡಿಕೊಂಡ ಮಸಿಯನ್ನು ಅಲ್ಲಿಯೇ ಸುಟ್ಟುಹಾಕುವುದೇ ರೀಜನರೇಷನ್.

ನಿಘಂಟು ತೆರೆದರೆ ‘ಪುನರುತ್ಪಾದನೆ’ ಸಿಗುತ್ತದೆ. ಅದನ್ನು ಓದಿದವರಿಗೆ ಏನೋ ಮತ್ತೆ ತಯಾರಾಗುತ್ತಿದೆ ಎನಿಸುತ್ತದೆಯೇ ಹೊರತು ಮಸಿಯ ಸುಳಿವೂ ಸಿಗುವುದಿಲ್ಲ. ‘ಕ್ಲೀನಿಂಗ್’, ‘ಶುದ್ಧೀಕರಣ’ ಎಂದರೆ ಇನ್ನೂ ತೊಡಕು. ಏರ್ ಕ್ಲೀನರನ್ನು ಬಿಚ್ಚಿ, ಕೊಡವಿ, ಗಾಳಿ ಹೊಡೆದು ಮತ್ತೆ ಕೂರಿಸುವುದು ರೈತರಿಗೆ ರೂಢಿ. ಇಲ್ಲಿ ಚಾಲಕರು ಬಿಚ್ಚುವಂಥದ್ದು ಏನೂ ಇಲ್ಲ. ರೋಟವೇಟರ್ ಹಾಕಿ ಭಾರದಲ್ಲಿ ದುಡಿಸುವಾಗ ಹೊಗೆಯ ಬಿಸಿಗೇ ಮಸಿ ಸ್ವಲ್ಪ ಸ್ವಲ್ಪವಾಗಿ ಸುಟ್ಟುಹೋಗುತ್ತದೆ. ಎಂಜಿನ್ ಸುಮ್ಮನೆ ಓಡುತ್ತಾ ನಿಂತರೆ ಮಸಿ ಕೂಡುತ್ತಾ ಹೋಗುತ್ತದೆ. ಆಗ ಯಂತ್ರವೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರಿನ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಅದೂ ಸಾಲದಾದಾಗ ಡ್ಯಾಶ್‌ಬೋರ್ಡಿನ ದೀಪ ಕರೆಯುತ್ತದೆ: ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಸ್ವಿಚ್ ಒತ್ತಬೇಕು. ಅಲ್ಲಿಂದ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಕಾಯಬೇಕು. ಹುಲ್ಲಿನ ಬಣವೆಯ ಹತ್ತಿರವಂತೂ ನಿಲ್ಲಿಸಲೇಬಾರದು. ಈ ಎಚ್ಚರಿಕೆಯ ಸುಳಿವು ಪದದಲ್ಲೇ ಇರಬೇಕೆಂಬುದು ನನ್ನ ಆಸೆ.

ಎಂಜಿನ್ ಆಯಿಲ್‌ನಿಂದ ಬರುವ ಬೂದಿಯ ಕಥೆಯೇ ಬೇರೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. (ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು ಎನ್ನುವುದು ಇದಕ್ಕೇ.) ಸಾವಿರಾರು ಗಂಟೆ ದುಡಿದ ಮೇಲೆ ಫಿಲ್ಟರನ್ನು ವರ್ಕ್‌ಶಾಪಿನಲ್ಲಿ ಬಿಚ್ಚಿಸಿಯೇ ಬೂದಿಯನ್ನು ತೆಗೆಸಬೇಕು. ಎರಡನ್ನೂ ‘ಕ್ಲೀನಿಂಗ್’ ಎಂದುಬಿಟ್ಟರೆ, ದೀಪ ಹತ್ತಿದೊಡನೆ ಫಿಲ್ಟರ್ ಬಿಚ್ಚಲು ಹೊರಡುವವರನ್ನು ತಡೆಯುವುದು ಹೇಗೆ?

ಸದ್ಯ ನಾನು ಬರೆದುಕೊಂಡಿರುವುದು ‘ಮಸಿ ಸುಡುವುದು’, ‘ಬೂದಿ ತೆಗೆಸುವುದು’ ಎಂದು. ಒಂದು ಯಂತ್ರವೇ ಮಾಡುವ ಕೆಲಸ, ಇನ್ನೊಂದು ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದು. ಕ್ರಿಯಾಪದಗಳಲ್ಲೇ ಆ ಭೇದ ಕಾಣುತ್ತದೆ. ಆದರೆ ಒಂದು ಅಳುಕಿದೆ. ‘ಮೋಟರ್ ಸುಟ್ಟಿತು’ ಎಂದರೆ ಕೆಟ್ಟುಹೋಯಿತು ಎಂದೇ ಅರ್ಥ. ‘ಸುಡು’ ಎಂಬುದನ್ನು ಕಂಡು ರೈತರು ಬೆಚ್ಚುತ್ತಾರೆಯೇ? ‘ಮಸಿ ಉರಿಸು’ ಎನ್ನೋಣವೇ? ‘ಮಸಿ’ ಎಂದರೆ ಶಾಯಿ ಎಂದುಕೊಳ್ಳುವವರೂ ಉಂಟು. ‘ಕಾಡಿಗೆ’ ಕಣ್ಣಿಗೆ ಅಂಟಿಕೊಂಡಿದೆ. ಅಡುಗೆಮನೆಯ ‘ಇಲ್ಲಣ’ ನನಗೆ ಬಹಳ ಇಷ್ಟವಾದ ಪದ, ಆದರೆ ಎಲ್ಲ ಕಡೆಯವರಿಗೂ ತಿಳಿಯುತ್ತದೆಯೇ?

ಕೊನೆಯದಾಗಿ, ಒಣಹುಲ್ಲಿನ ಹೊಲದಲ್ಲಿದ್ದಾಗ ಈ ಸುಡುವಿಕೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ವಿಚ್ ಇರುತ್ತದೆ. ಹಾಗೆ ತಡೆಹಿಡಿದದ್ದನ್ನು ಮತ್ತೆ ಬಿಡಿಸದೇ ಹೋದರೆ ಮಸಿ ತುಂಬಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ‘ತಡೆ’ ಎಂದರೆ ಕಾಯಂ ಎನಿಸುವುದರಿಂದ ‘ಮುಂದೂಡು’ ಎಂದು ಬರೆದಿದ್ದೇನೆ. ನಿಮ್ಮ ಕಡೆ ಚಾಲಕರು, ಮೆಕ್ಯಾನಿಕ್‌ಗಳು ಇವಕ್ಕೆ ಏನೆನ್ನುತ್ತಾರೆ, ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.