ಪರಿಯಕಳಿ ಗೇಮ್: ಬೆತ್ತ ಬಿದ್ದರೂ ಕಾಲು ಪೆಟ್ಟು ತಿಂದ ಹಾಗೆ ಕಾಣ್ತಿಲ್ಲ

ಮಂದ್‌ಕೋಡಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಗೇಮ್ ಕಟ್ಟುವ ಯೂನಿಟಿ ಎಂಜಿನ್‌ನಲ್ಲಿ ಪರಿಯಕಳಿಯ ಸಣ್ಣ ಗೇಮ್ ಕಟ್ತಾ ಇದ್ದೇವೆ. ಗೊತ್ತಿಲ್ಲದವರಿಗೆ: ಕೊಡಗಿನ ಸುಗ್ಗಿಹಬ್ಬ ಹುತ್ತರಿ ಸಮಯದಲ್ಲಿ ಮಂದ್‌ನಲ್ಲಿ (ಊರಿನ ಬಯಲು) ಇಬ್ಬರು ಎದುರುಬದುರು ನಿಂತು, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ ಹಿಡಿದು ಆಡುವ ಆಟ. ಹೊಡೆತ ಮೊಣಕಾಲಿನ ಕೆಳಗೆ ಮಾತ್ರ. ಹಾಗಾಗಿ ಪೆಟ್ಟು ಬಿದ್ದಾಗ ಕಾಲು ಸರಿಯಾಗಿ ಕಾಣದಿದ್ದರೆ ಗೇಮ್‌ನಲ್ಲಿ ಬೇರೆ ಏನಿದ್ದೂ ಪ್ರಯೋಜನ ಇಲ್ಲ.

ಈಗ ಇರುವುದು: ರ‍್ಯಾಗ್‌ಡಾಲ್ ವಿಝಾರ್ಡ್‌ನಿಂದ ಮಾಡಿದ ದೇಹ, ಅಂದರೆ ಕೀಲುಗಳಿಂದ ಕೂಡಿ ಭೌತನಿಯಮದಂತೆ ಬೀಳುವ ಗೊಂಬೆ. ಪೆಟ್ಟು ಬಿದ್ದ ಕ್ಷಣ ಅನಿಮೇಟರ್ (ಮೊದಲೇ ಮಾಡಿಟ್ಟ ಚಲನೆ ಆಡಿಸುವ ಭಾಗ) ಆಫ್, ಮೊಣಕಾಲ ಕೆಳಗಿನ ರಿಜಿಡ್‌ಬಾಡಿಗೆ (ಭೌತಲೆಕ್ಕಕ್ಕೆ ಒಳಪಡುವ ಗಟ್ಟಿ ಭಾಗ) 60ರ ಇಂಪಲ್ಸ್ (ಒಂದೇಟಿನ ನೂಕು, ತೂಕ ಗುಣಿಸು ವೇಗ), 0.3 ಸೆಕೆಂಡ್ ಆದ ಮೇಲೆ ಅನಿಮೇಟರ್ ಮತ್ತೆ ಆನ್. ತೊಂದರೆಗಳು:

ಆಟಗಾರ ಖಾಲಿ ಗೋಣಿಚೀಲದ ಹಾಗೆ ಕುಸೀತಾನೆ. ಇಂಪಲ್ಸ್ 5ಕ್ಕೆ ಇಳಿಸಿದರೆ ಪೆಟ್ಟು ಬಿದ್ದದ್ದೇ ಗೊತ್ತಾಗಲ್ಲ. ಬೀಸು ಜೋರಾದರೆ ಬೆತ್ತ ಕಾಲಿನೊಳಗಿಂದ ದಾಟಿ ಹೋಗುತ್ತದೆ. ಅನಿಮೇಟರ್ ವಾಪಸ್ ಬಂದಾಗ ಮೈ ಟಕ್ ಅಂತ ಜಿಗಿಯುತ್ತದೆ.

ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನಲ್ಲಿ ಓಡಬೇಕು. ಪರದೆ ಮೇಲೆ ಇಬ್ಬರೇ. ಹುತ್ತರಿ ಹೊತ್ತಿಗೆ ಡೆಮೊ ಕೊಡಬೇಕು.

ಸ್ಪ್ರಿಂಗ್‌ಡ್ಯಾಂಪರ್, ಮಡಿಕೇರಿ

ಮೊದಲು ಲೆಕ್ಕ ಹಾಕಿ, ಆಮೇಲೆ ಸ್ಲೈಡರ್ ಎಳೆಯಿರಿ. ಬೆತ್ತ 300 ಗ್ರಾಂ, ತುದಿಯ ವೇಗ ಸೆಕೆಂಡಿಗೆ 20 ಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ತುದಿ ಹಿಡಿದು ಬೀಸುವ ಕೋಲಿನ ಇನ್ನೊಂದು ತುದಿಯಲ್ಲಿ ಕೆಲಸ ಮಾಡುವುದು ಅದರ ತೂಕದ ಮೂರನೇ ಒಂದು ಭಾಗ, ಅಂದರೆ 0.1 ಕೆಜಿ. ಇಂಪಲ್ಸ್ 2 ಬಂತು. ಬೆತ್ತ ಪುಟಿದು ವಾಪಸಾದರೂ 4 ದಾಟುವುದಿಲ್ಲ. 70 ಕೆಜಿ ಆಳಿನ ಮೊಣಕಾಲ ಕೆಳಗಿನ ಭಾಗ ಪಾದ ಸೇರಿ ಸುಮಾರು 4.3 ಕೆಜಿ. ಅದಕ್ಕೆ ಸಿಗುವ ವೇಗ ಸೆಕೆಂಡಿಗೆ ಅರ್ಧ ಮೀಟರ್‌ನಿಂದ ಒಂದು ಮೀಟರ್. ಪಾದ ನೆಲಕ್ಕೆ ಊರಿದ್ದರೆ ಅದೂ ಇಲ್ಲ. ನೀವು 60 ಕೊಟ್ಟಿದ್ದೀರಿ, ಬೆತ್ತದ ಪೆಟ್ಟಲ್ಲ ಅದು, ಜೀಪ್ ಗುದ್ದಿದ್ದು.

ಹಾಗಾದರೆ 5 ಕೊಟ್ಟಾಗ ಏನೂ ಕಾಣದಿರುವುದೇ ಸರಿ. ನಿಜವಾದ ಆಟದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬೆತ್ತ ಕಾಲನ್ನು ತಳ್ಳಿದ್ದಲ್ಲ, ಉರಿಗೆ ಸ್ನಾಯು ಕಾಲನ್ನು ಎಳೆದುಕೊಂಡದ್ದು. ರ‍್ಯಾಗ್‌ಡಾಲ್‌ನಲ್ಲಿ ಸ್ನಾಯುವೇ ಇಲ್ಲ. ಅದು ಹುಟ್ಟಿದ್ದೇ ಗೇಮ್‌ಗಳಲ್ಲಿ ಹೆಣ ಬೀಳಿಸುವುದಕ್ಕೆ. 2000ದ ಹಿಟ್‌ಮ್ಯಾನ್‌ನಲ್ಲಿ ಬಳಸಿದ ವಿಧಾನವನ್ನು ಥಾಮಸ್ ಯಾಕೋಬ್‌ಸನ್ 2001ರಲ್ಲಿ ವಿವರಿಸಿದರು: ಬಿಂದುಗಳು, ಅವುಗಳ ನಡುವೆ ಕಡ್ಡಿಗಳು, ವರ್ಲೆ ಲೆಕ್ಕ (ಹಿಂದಿನ ಮತ್ತು ಈಗಿನ ಸ್ಥಾನದಿಂದ ಮುಂದಿನದನ್ನು ಕಂಡುಹಿಡಿಯುವುದು), ಅಷ್ಟೇ. ಪೆಟ್ಟು ತಿಂದವನು ತಡವರಿಸಿ, ಕೈ ಚಾಚಿ, ಸಂಭಾಳಿಸಿಕೊಳ್ಳುವುದು ದೊಡ್ಡ ಮಟ್ಟದಲ್ಲಿ ಬಂದದ್ದು ನ್ಯಾಚುರಲ್‌ಮೋಶನ್ ಕಂಪನಿಯ ಯೂಫೋರಿಯಾ ತಂತ್ರಾಂಶದ ಜತೆ, 2008ರ ಜಿಟಿಎ 4ರಲ್ಲಿ. ನಿಮಗೆ ಅಷ್ಟು ದೊಡ್ಡ ಯಂತ್ರ ಬೇಡ, ಆದರೆ ತತ್ವ ಅದೇ: ಭೌತದೇಹ ಒಂದು ಭಂಗಿಯನ್ನು ಹಿಂಬಾಲಿಸಬೇಕು, ಪೆಟ್ಟು ಬಿದ್ದಾಗ ಆ ಭಂಗಿಯೇ ಬದಲಾಗಬೇಕು.

ಮಾಡುವ ಕ್ರಮ ಹೇಳ್ತೇನೆ.

ಎರಡು ಅಸ್ಥಿಪಂಜರ ಇಡಿ. ಒಂದು ಕಾಣದ್ದು, ಅನಿಮೇಶನ್ ಮಾತ್ರ ಆಡುತ್ತದೆ. ಇನ್ನೊಂದು ಭೌತದೇಹ, ಮೆಶ್ (ಕಣ್ಣಿಗೆ ಕಾಣುವ ಮೈ) ಇದಕ್ಕೆ. ವಿಝಾರ್ಡ್ ಹಾಕಿದ ಕ್ಯಾರೆಕ್ಟರ್ ಜಾಯಿಂಟ್‌ಗಳನ್ನು (ಕೀಲು) ಕಿತ್ತು ಕಾನ್ಫಿಗರಬಲ್ ಜಾಯಿಂಟ್ ಹಾಕಿ. ಮೊದಲಿನದಕ್ಕೆ ಗುರಿ ಭಂಗಿಯತ್ತ ಎಳೆಯುವ ಡ್ರೈವ್ ಇಲ್ಲ. ಸೊಂಟವನ್ನು ಕೈನೆಮ್ಯಾಟಿಕ್ ಆಗಿಯೇ ಇಡಿ, ಅನಿಮೇಶನ್ ಹೇಳಿದಲ್ಲಿ ಅದು ಇರಲಿ. ಕುಸಿಯುವ ಪ್ರಶ್ನೆ ಅಲ್ಲಿಗೆ ಮುಗೀತು.

ತೂಕ ಸರಿಯಾಗಿ ಹಂಚಿ. ದೇಹದ ಒಟ್ಟು ತೂಕದಲ್ಲಿ ಮುಂಡ ಸುಮಾರು 50 ಶೇಕಡಾ, ತಲೆ ಕುತ್ತಿಗೆ 8, ತೊಡೆ ಒಂದೊಂದು 10, ಮೊಣಕಾಲ ಕೆಳಗೆ 4.65, ಪಾದ 1.45, ಮೇಲ್ತೋಳು 2.8, ಮುಂದೋಳು 1.6, ಅಂಗೈ 0.6.

ಇನ್ನು ಡ್ರೈವ್‌ನ ಸ್ಪ್ರಿಂಗ್ (ಎಳೆಯುವ ಬಲ), ಡ್ಯಾಂಪರ್ (ಅದುರು ತಡೆಯುವ ಬಲ). ಜಾಯಿಂಟ್ ಡ್ರೈವ್‌ನಲ್ಲಿ ಆಕ್ಸಿಲರೇಶನ್ ಆಯ್ಕೆ ಇರುವ ಆವೃತ್ತಿಯಾದರೆ ಅದನ್ನೇ ಬಳಸಿ, ತೂಕದ ಗೊಡವೆ ತಪ್ಪುತ್ತದೆ. ಬೇಕಾದ ಹರ್ಟ್ಸ್ ಅನ್ನು (ಹೆಚ್ಚಿದಷ್ಟೂ ಕಾಲು ಬಿಗಿ) 6.28ರಿಂದ ಗುಣಿಸಿ, ಬಂದದ್ದರ ವರ್ಗ ಸ್ಪ್ರಿಂಗ್, ಬಂದದ್ದರ ಎರಡರಷ್ಟು ಡ್ಯಾಂಪರ್. 8 ಹರ್ಟ್ಸ್‌ಗೆ ಸ್ಪ್ರಿಂಗ್ ಸುಮಾರು 2500, ಡ್ಯಾಂಪರ್ 100. 2 ಹರ್ಟ್ಸ್‌ಗೆ 158 ಮತ್ತು 25. ಆಯ್ಕೆ ಇಲ್ಲದಿದ್ದರೆ ಎರಡನ್ನೂ ಆ ಅಂಗದ ಜಡತ್ವದಿಂದ ಗುಣಿಸಿ. ಮೊಣಕಾಲಿನ ಸುತ್ತ ಕೆಳಗಾಲು ಪಾದ ಸೇರಿ 0.4 ಕೆಜಿ ಚದರ ಮೀಟರ್ ಹಿಡಿದರೆ ಸಾಕು.

ಪೆಟ್ಟು ಬಿದ್ದಾಗ: 2ರಿಂದ 4ರ ಇಂಪಲ್ಸ್ ಕೊಟ್ಟು, ಆ ಕಾಲಿನ ಡ್ರೈವನ್ನು 8ರಿಂದ 2 ಹರ್ಟ್ಸ್‌ಗೆ ಇಳಿಸಿ, 0.08 ಸೆಕೆಂಡ್ ಮಾತ್ರ. ಕಾಲು ಸಣ್ಣಗೆ ಅದುರುತ್ತದೆ. ಸುಮಾರು 0.1 ಸೆಕೆಂಡಿಗೆ ಎಳೆತ ಶುರು: ಗುರಿ ಭಂಗಿಯಲ್ಲಿ ತೊಡೆ 25 ಡಿಗ್ರಿ ಮೇಲೆ, ಮೊಣಕಾಲು 50 ಡಿಗ್ರಿ ಮಡಚಿ, ಡ್ರೈವ್ ಮತ್ತೆ 8. ಮುಖ, ಭುಜ, ಗುರಾಣಿ ಕೆಳಗಿಳಿಯುವುದು 0.2 ಸೆಕೆಂಡಿನ ಮೇಲೆ, ಏಕೆಂದರೆ ಅದು ಮಿದುಳು ಯೋಚಿಸಿ ಮಾಡುವ ಕೆಲಸ. ಮೂರನ್ನೂ ಒಂದೇ ಫ್ರೇಮ್‌ನಲ್ಲಿ ಶುರು ಮಾಡಿದರೆ ಪೆಟ್ಟು ಮೊದಲೇ ಗೊತ್ತಿದ್ದವನ ಹಾಗೆ ಕಾಣುತ್ತಾನೆ.

ಒಂದು ಗುಪ್ತ ಅಡ್ಡಿ: ಯೂನಿಟಿಯಲ್ಲಿ ರಿಜಿಡ್‌ಬಾಡಿಯ ಗರಿಷ್ಠ ತಿರುಗುವ ವೇಗ ಡಿಫಾಲ್ಟ್ ಆಗಿ ಸೆಕೆಂಡಿಗೆ 7 ರೇಡಿಯನ್. ಝಟ್ಟನೆ ಎಳೆದುಕೊಳ್ಳುವ ಕಾಲಿಗೆ ಅದು ಸಾಲದು. 30 ಮಾಡಿ. ಫಿಕ್ಸೆಡ್ ಟೈಮ್‌ಸ್ಟೆಪ್ (ಭೌತಲೆಕ್ಕದ ಒಂದು ಹೆಜ್ಜೆಯ ಸಮಯ) 0.02ರಿಂದ 0.01ಕ್ಕೆ, ಸಾಲ್ವರ್ ಇಟರೇಶನ್ (ಪ್ರತಿ ಹೆಜ್ಜೆಯಲ್ಲಿ ಕೀಲುಗಳ ಲೆಕ್ಕ ಎಷ್ಟು ಸಲ) 6ರಿಂದ 12ಕ್ಕೆ. ಇಬ್ಬರೇ ಇರುವುದರಿಂದ ಫೋನ್ ತಡೆಯುತ್ತದೆ.

ಬೆತ್ತ ದಾಟಿ ಹೋಗುವುದೂ ಲೆಕ್ಕದ್ದೇ. ಸೆಕೆಂಡಿಗೆ 20 ಮೀಟರ್ ಅಂದರೆ 0.02ರ ಒಂದು ಹೆಜ್ಜೆಯಲ್ಲಿ 40 ಸೆಂಟಿಮೀಟರ್. ಕಾಲಿನ ದಪ್ಪ 10 ಸೆಂಟಿಮೀಟರ್. ಕೊಲಿಶನ್ ಡಿಟೆಕ್ಷನ್ (ಡಿಕ್ಕಿ ಪತ್ತೆ) ಕಂಟಿನ್ಯುಯಸ್ ಮಾಡಿದರೂ ಅದು ನೇರ ಚಲನೆಯನ್ನಷ್ಟೇ ನೋಡುತ್ತದೆ, ಬೀಸಿನ ತಿರುವನ್ನಲ್ಲ. ಬೆತ್ತವನ್ನು ಭೌತದೇಹ ಮಾಡಲೇಬೇಡಿ. ಹಿಂದಿನ ಹೆಜ್ಜೆಯ ಮತ್ತು ಈಗಿನ ಸ್ಥಾನದ ನಡುವಿನ ಕಮಾನನ್ನು 4 ಭಾಗ ಮಾಡಿ, ಪ್ರತಿ ಭಾಗಕ್ಕೂ ಓವರ್‌ಲ್ಯಾಪ್ ಕ್ಯಾಪ್ಸೂಲ್‌ನಿಂದ (ಗುಳಿಗೆಯಾಕಾರದ ಜಾಗಕ್ಕೆ ಏನು ತಾಗಿದೆ ಎಂದು ನೋಡುವುದು) ಪರೀಕ್ಷಿಸಿ. ಮೊದಲು ಸಿಕ್ಕಿದ್ದೇ ಪೆಟ್ಟು. ಅದು ಮೊಣಕಾಲಿನ ಮೇಲಿದ್ದರೆ ಫೌಲ್, ಆ ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ.

ಕಕ್ಕಡಮಳೆ, ಸೋಮವಾರಪೇಟೆ

ಮೇಲಿನವರ ಲೆಕ್ಕ ಒಪ್ಪಿದೆ, ದಾರಿ ಒಪ್ಪಿಲ್ಲ. ಸೊಂಟ ಕೈನೆಮ್ಯಾಟಿಕ್, ಬೆತ್ತ ಭೌತದೇಹ ಅಲ್ಲ, ಕಾಲು ಎಳೆದುಕೊಳ್ಳುವ ಭಂಗಿ ನಾವೇ ಕೊಡುವುದು. ಹೀಗಿರುವಾಗ ಜಾಯಿಂಟ್ ಯಾಕೆ ಬೇಕು? ಅಡಿಟಿವ್ ಲೇಯರ್‌ನಲ್ಲಿ (ಇರುವ ಚಲನೆಯ ಮೇಲೆ ಕೂಡಿಸುವ ಪದರ) ಆರು ಪುಟ್ಟ ಕ್ಲಿಪ್ ಮಾಡಿ: ಎಡ ಬಲ ಕಾಲಿಗೆ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಅದುರುವಿಕೆಗೆ ಲೇಟ್ ಅಪ್‌ಡೇಟ್‌ನಲ್ಲಿ (ಅನಿಮೇಶನ್ ಆದ ಮೇಲೆ ಓಡುವ ಕೋಡ್) ಕೆಳಗಾಲಿನ ಮೂಳೆಗೆ ಒಂದು ಕೋನ, ಒಂದು ವೇಗ ಇಟ್ಟುಕೊಂಡು ಸ್ಪ್ರಿಂಗ್ ನೀವೇ ಬರೆಯಿರಿ, ಹತ್ತು ಸಾಲು ಕೋಡ್. ಡ್ಯಾಂಪಿಂಗ್ ಅನುಪಾತ 0.4 ಇಟ್ಟರೆ ಒಂದೆರಡು ಸಲ ಅದುರಿ ನಿಲ್ಲುತ್ತದೆ. ಫೂಟ್ ಐಕೆ (ಪಾದವನ್ನು ನೆಲಕ್ಕೆ ಕೂರಿಸುವ ಲೆಕ್ಕ) ಇದಾದ ಮೇಲೆ ಓಡಬೇಕು, ಮೊದಲು ಓಡಿದರೆ ಪಾದ ಹುಲ್ಲಿನೊಳಗೆ ಹೂತುಹೋಗುತ್ತದೆ.

ಅನಿಮೇಟರ್ ಆಫ್ ಆಗುವುದೇ ಇಲ್ಲವಾದ್ದರಿಂದ ಟಕ್ ಅನ್ನುವ ಜಿಗಿತವೂ ಇಲ್ಲ.

ಎರಡು ಅಗ್ಗದ ಉಪಾಯ. ಪೆಟ್ಟು ತಾಗಿದಾಗ ಬೆತ್ತವನ್ನೂ ಆ ಕಾಲನ್ನೂ ಸೆಕೆಂಡಿಗೆ 60 ಫ್ರೇಮ್ ಓಡುವಾಗ 3 ಫ್ರೇಮ್ ನಿಲ್ಲಿಸಿ, ಉಳಿದ ಮೈ, ಕ್ಯಾಮೆರಾ ಚಲಿಸುತ್ತಿರಲಿ. ಇದೊಂದರಿಂದಲೇ ಪೆಟ್ಟಿಗೆ ತೂಕ ಬರುತ್ತದೆ. ಹಾಗೇ ಕ್ಲಿಪ್‌ನ ವೇಗ ಮತ್ತು ಪ್ರಮಾಣ ಪ್ರತಿ ಸಲ 15 ಶೇಕಡಾ ಹೆಚ್ಚುಕಡಿಮೆ ಆಗಲಿ. ಈ ಆಟದಲ್ಲಿ ಒಂದೇ ಕಾಲಿಗೆ ಮೇಲಿಂದ ಮೇಲೆ ಬೀಳುತ್ತದೆ, ಮೂರನೇ ಸಲ ಅದೇ ಚಲನೆ ಕಂಡರೆ ಆಟಗಾರನಿಗೆ ಬೇಸರ.

ಮುಂದೆ ಇಬ್ಬರು ಬೇರೆ ಬೇರೆ ಫೋನಲ್ಲಿ ಆಡುವ ಯೋಚನೆ ಇದ್ದರೆ ಇದೇ ಒಳ್ಳೆಯದು. ಪೆಟ್ಟಿನ ಜಾಗ, ದಿಕ್ಕು, ಬಲ ಕಳಿಸಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ದೃಶ್ಯ.

ಮಂದ್‌ಕೋಡಿ

ಅಣ್ಣ, ಅಕ್ಕ, ಇಬ್ಬರಿಗೂ ಧನ್ಯವಾದ. ಸದ್ಯ ಜಾಯಿಂಟ್ ದಾರಿ ಹಿಡಿದು ನೋಡ್ತಾ ಇದ್ದೇವೆ. ಕುಸಿಯುವುದು ನಿಂತಿತು. ಈಗ ಎರಡು ಹೊಸದು: ಮೊಣಕಾಲು ಒಮ್ಮೊಮ್ಮೆ ಮುಂದಕ್ಕೆ ಮಡಚುತ್ತದೆ. ಭಾರ ಊರಿದ ಕಾಲಿಗೆ ಪೆಟ್ಟು ಬಿದ್ದರೆ ಆ ಕಾಲನ್ನೇ ಎತ್ತಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ.

ಸ್ಪ್ರಿಂಗ್‌ಡ್ಯಾಂಪರ್

ಮೊದಲನೆಯದು: ಕಾನ್ಫಿಗರಬಲ್ ಜಾಯಿಂಟ್‌ನಲ್ಲಿ ಎಕ್ಸ್ ಅಕ್ಷಕ್ಕೆ ಮಾತ್ರ ಕೆಳಮಿತಿ ಮೇಲ್ಮಿತಿ ಬೇರೆ ಬೇರೆ ಕೊಡಬಹುದು. ವೈ, ಝೆಡ್ ಎರಡೂ ಕಡೆಗೆ ಸಮ. ಹಾಗಾಗಿ ಮೊಣಕಾಲಿನ ಮಡಿಕೆ ಎಕ್ಸ್ ಮೇಲೆಯೇ ಬರಬೇಕು, 0ಯಿಂದ 135 ಡಿಗ್ರಿ, ಉಳಿದೆರಡು ಲಾಕ್, ಡ್ರೈವ್ ಸ್ಲರ್ಪ್ (ಮೂರೂ ಅಕ್ಷಕ್ಕೆ ಒಂದೇ) ಅಲ್ಲ, ಆಂಗ್ಯುಲರ್ ಎಕ್ಸ್. ಮಿತಿಯನ್ನು ಎಂಜಿನ್ ಅಳೆಯುವುದು ಜಾಯಿಂಟ್ ಶುರುವಾದ ಭಂಗಿಯಿಂದ. ಮೊಣಕಾಲು ಮಡಚಿ ನಿಂತ ಆಟದ ಭಂಗಿಯಲ್ಲಿ ಜಾಯಿಂಟ್ ಹುಟ್ಟಿದರೆ ಸೊನ್ನೆಯೇ ಜಾರಿರುತ್ತದೆ. ಟಿ ಭಂಗಿಯಲ್ಲಿ (ಕಾಲು ನೆಟ್ಟಗೆ, ಕೈ ಅಗಲಿಸಿ ನಿಂತದ್ದು) ಹುಟ್ಟಿಸಿ, ಆಮೇಲೆ ಅನಿಮೇಶನ್ ಬಿಡಿ. ಟಾರ್ಗೆಟ್ ರೊಟೇಶನ್ (ಗುರಿ ಕೋನ) ಕೂಡ ಆ ಶುರುವಿನ ಭಂಗಿಗೆ ಹೋಲಿಸಿ, ಉಲ್ಟಾ ದಿಕ್ಕಿನಲ್ಲಿ ಕೊಡಬೇಕು ಅನ್ನುವುದು ನೆನಪಿರಲಿ.

ಎರಡನೆಯದೇ ನಿಜವಾದ ಕೆಲಸ. ಭಾರ ಹೊತ್ತ ಕಾಲನ್ನು ಯಾರೂ ಎತ್ತಲಾರರು. ಎಲ್ಲ ರಿಜಿಡ್‌ಬಾಡಿಗಳ ತೂಕ ಹಿಡಿದು ಗುರುತ್ವಕೇಂದ್ರ ಲೆಕ್ಕ ಹಾಕಿ, ನೆಲಕ್ಕೆ ಇಳಿಸಿ, ಎರಡು ಪಾದಗಳ ನಡುವೆ ಅದು ಎಲ್ಲಿ ಬೀಳುತ್ತದೆ ನೋಡಿ. ಪೆಟ್ಟು ತಿಂದ ಕಾಲಿನ ಪಾಲು 60 ಶೇಕಡಾ ಮೀರಿದ್ದರೆ ಎತ್ತುವ ಭಂಗಿ ಬೇಡ. ಮೊದಲು ಆ ಮೊಣಕಾಲು 15 ಡಿಗ್ರಿ ಕುಗ್ಗಲಿ, ಸೊಂಟ 4 ಸೆಂಟಿಮೀಟರ್ ಇಳಿದು 0.15 ಸೆಕೆಂಡಿನಲ್ಲಿ ಇನ್ನೊಂದು ಪಾದದ ಕಡೆ 8 ಸೆಂಟಿಮೀಟರ್ ಸರಿಯಲಿ, ಆಮೇಲೆ ಕಾಲು ಎತ್ತಲಿ. ಭಾರ ಇಲ್ಲದ ಕಾಲಾದರೆ ತಕ್ಷಣ ಎತ್ತಬಹುದು. ಈ ವ್ಯತ್ಯಾಸದಿಂದ ಆಟಕ್ಕೂ ಲಾಭ: ಭಾರದ ಕಾಲಿಗೆ ಹೊಡೆದರೆ ಎದುರಾಳಿ ಹೆಚ್ಚು ಹೊತ್ತು ಅಲುಗಲಾರ, ಆಡುವವರು ತಾವಾಗಿಯೇ ಅದನ್ನು ಕಲಿತುಕೊಳ್ಳುತ್ತಾರೆ.

ಮೇಲಿನ ಅಡಿಟಿವ್ ವಾದದ ಬಗ್ಗೆ: ಕಾಲಿಗೆ ಮಾತ್ರವಾದರೆ ಅದು ಸಾಕು, ನಿಜ. ಗುರಾಣಿ ಗುರಾಣಿಗೆ ತಾಗಿ ಮೈ ಮೈ ತಳ್ಳಾಡುವ ಕಡೆ ಅದು ಕೈಕೊಡುತ್ತದೆ, ಅಷ್ಟೇ.

ಚೇಲೆಗಂಟು, ಗೋಣಿಕೊಪ್ಪ

ಯಾರೂ ಬಟ್ಟೆಯ ಮಾತೆತ್ತಿಲ್ಲ. ನಿಮ್ಮ ಆಟಗಾರರಿಗೆ ಕುಪ್ಯಚೇಲೆ (ಕೊಡವರ ಉದ್ದ ಅಂಗಿ, ಸೊಂಟಪಟ್ಟಿ) ಇದೆ ಅಂದುಕೊಳ್ತೇನೆ. ಕುಪ್ಯದ ಅಂಚು ಮೊಣಕಾಲಿನ ಹತ್ತಿರವೇ ಬರುವುದರಿಂದ ಕಾಲು ಎತ್ತಿದಾಗ ತೊಡೆ ಬಟ್ಟೆ ಹರಿದು ಹೊರಗೆ ಬರುತ್ತದೆ. ಯೂನಿಟಿಯ ಕ್ಲಾತ್ (ಬಟ್ಟೆ ಆಡಿಸುವ ಭಾಗ) ಗೋಲ, ಕ್ಯಾಪ್ಸೂಲ್ ಕೊಲೈಡರ್‌ಗಳನ್ನು (ಡಿಕ್ಕಿ ನೋಡುವ ಆಕಾರ) ಮಾತ್ರ ಗಮನಿಸುತ್ತದೆ, ಮೆಶ್ ಕೊಲೈಡರನ್ನಲ್ಲ. ತೊಡೆಗೆ ಒಂದೊಂದು ಕ್ಯಾಪ್ಸೂಲ್ ಇಟ್ಟು, ನಿಜವಾದ ತೊಡೆಗಿಂತ 1.5 ಸೆಂಟಿಮೀಟರ್ ದಪ್ಪ ಮಾಡಿ. ಸೊಂಟದ ಮೇಲಿನ ಬಟ್ಟೆಯ ಮ್ಯಾಕ್ಸ್ ಡಿಸ್ಟೆನ್ಸ್ (ಬಟ್ಟೆ ಸರಿಯಬಹುದಾದ ದೂರ) 0, ಅಂಚಿನ ಕಡೆಗೆ ನಿಧಾನವಾಗಿ ಏರಲಿ. ಫೋನ್ ಬಿಸಿಯಾದರೆ ಕ್ಲಾತ್ ತೆಗೆದು ಅಂಚಿಗೆ ಎಂಟು ಮೂಳೆ ಹಾಕಿ ಸ್ಪ್ರಿಂಗ್ ಕೊಡಿ, ದೂರದಿಂದ ಗೊತ್ತಾಗುವುದಿಲ್ಲ.

ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯನ್ನು ರಿಜಿಡ್‌ಬಾಡಿ ಮಾಡಬೇಡಿ. ಜಾಯಿಂಟ್‌ನಿಂದ ಕೂಡಿದ ಎರಡು ದೇಹಗಳ ತೂಕದ ಅನುಪಾತ 10ಕ್ಕೆ 1 ಮೀರಿದರೆ ಸಾಲ್ವರ್ ಸೋಲುತ್ತದೆ, ಕತ್ತಿ ಚೇಲೆಯಲ್ಲಿ ಗಿರಗಿರ ನಡುಗುತ್ತದೆ. ಸೊಂಟದ ಮೂಳೆಗೆ ನೇರ ಅಂಟಿಸಿ.

ಮಂದ್‌ಕೋಡಿ

ಕತ್ತಿ ನಡುಗುವುದು ಈಗಾಗಲೇ ನಡೀತಿದೆ, ಇವತ್ತೇ ಅಂಟಿಸ್ತೇನೆ. ಕೊನೆಯದಾಗಿ, ಇಷ್ಟು ಚಿಕ್ಕ ಸಮಯದ ಚಲನೆ ಸರಿಯೋ ತಪ್ಪೋ ಅಂತ ನೋಡುವುದು ಹೇಗೆ? ಕಣ್ಣಿಗೆ ಸಿಗ್ತಾನೇ ಇಲ್ಲ.

ಸ್ಪ್ರಿಂಗ್‌ಡ್ಯಾಂಪರ್

ಟೈಮ್ ಸ್ಕೇಲ್ (ಗೇಮ್ ಓಡುವ ವೇಗ) 0.1 ಮಾಡಿ, ಫಿಕ್ಸೆಡ್ ಟೈಮ್‌ಸ್ಟೆಪ್ ಮುಟ್ಟಬೇಡಿ. ಅದನ್ನೂ ಇಳಿಸಿದರೆ ಸಿಮ್ಯುಲೇಶನ್ನೇ ಬೇರೆಯಾಗಿ, ನಿಧಾನದಲ್ಲಿ ಚೆನ್ನಾಗಿ ಕಂಡದ್ದು ಪೂರ್ತಿ ವೇಗದಲ್ಲಿ ಇರುವುದಿಲ್ಲ. ಚಿತ್ರ ತಡವರಿಸದಂತೆ ರಿಜಿಡ್‌ಬಾಡಿಗಳಿಗೆ ಇಂಟರ್‌ಪೊಲೇಟ್ ಆನ್ ಇರಲಿ. ಕೆಳಗಾಲಿನ ಕೋನ, ಡ್ರೈವ್‌ನ ಹರ್ಟ್ಸ್, ಸೊಂಟದ ಎತ್ತರ ಮೂರನ್ನೂ ಪ್ರತಿ ಹೆಜ್ಜೆಗೆ ಫೈಲ್‌ಗೆ ಬರೆದು ಗ್ರಾಫ್ ಹಾಕಿ. ಕೋನದ ಗೆರೆಯಲ್ಲಿ ಮೊದಲು ಸಣ್ಣ ಏರು, ಒಂದು ಕ್ಷಣ ಬಿಡುವು, ಆಮೇಲೆ ದೊಡ್ಡ ಏರು ಕಾಣಬೇಕು. ಬಿಡುವೇ ಇಲ್ಲದೆ ಎರಡೂ ಕೂಡಿಕೊಂಡಿದ್ದರೆ ಎಳೆತ ಬೇಗ ಶುರುವಾಗಿದೆ, 0.03 ಸೆಕೆಂಡ್ ತಡವಾಗಿ ಶುರು ಮಾಡಿ ನೋಡಿ.