ಮನೆಯಲ್ಲೇ ಕಾರು ತೊಳೆಯಲು ಪ್ರೆಶರ್ ವಾಷರ್: ಪುಣೆಯ ಸೊಸೈಟಿ ಪಾರ್ಕಿಂಗಿಗೆ ಯಾವುದು ಸರಿ?

ವಾರಜೆವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ವಾರಜೆಯಲ್ಲಿ ನಮ್ಮದು ಮೂರನೆಯ ಮಹಡಿಯ ಮನೆ; ಕಾರು ನಿಲ್ಲುವುದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ. ಸೊಸೈಟಿಯಲ್ಲಿ ಕಾರು ಒರೆಸುವ ಹುಡುಗ ಬೆಳಗಿನ ಐದೂವರೆಗೇ ಬಂದು ಒಂದು ಬಕೆಟ್ ನೀರು, ಒಂದು ಬಟ್ಟೆ, ಇಷ್ಟರಲ್ಲೇ ಹದಿನೆಂಟು ಕಾರುಗಳನ್ನು ಮುಗಿಸಿಬಿಡುತ್ತಾನೆ. ಅವನನ್ನು ದೂರಿ ಫಲವಿಲ್ಲ, ಕೊಡುವ ಹಣಕ್ಕೆ ಅಷ್ಟೇ ಕೆಲಸ. ಆದರೆ ನಮ್ಮ ಕಪ್ಪು ಕಾರಿನ ಬಾನೆಟ್ಟಿನ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಗೀರುಗಳು ಎದ್ದು ಕಾಣುತ್ತಿರುವುದರಿಂದ, ಇನ್ನು ಮುಂದೆ ವಾರಕ್ಕೊಮ್ಮೆ ನಾನೇ ತೊಳೆಯುವುದೆಂದು ನಿಶ್ಚಯಿಸಿದ್ದೇನೆ. ಮಳೆಗಾಲದಲ್ಲಿ ಧಾರವಾಡಕ್ಕೆ ಹೋದಾಗಲೆಲ್ಲ ಬೆಳಗಾವಿಯಿಂದ ಆಂಬೋಲಿ ಘಾಟ್ ಇಳಿದು ಕೊಂಕಣದ ಕಡೆ ಸುತ್ತಿ ಬರುವ ಅಭ್ಯಾಸವಿದೆ. ಆ ಕೆಂಪು ಕೆಸರು ಚಕ್ರದ ಮೇಲಿನ ಕಮಾನುಗಳಲ್ಲಿ ಗಟ್ಟಿಯಾಗಿ ಕುಳಿತರೆ ಮಗ್ಗಿನ ನೀರಿಗೆ ಜಗ್ಗುವುದಿಲ್ಲ.

ಹತ್ತು ಸಾವಿರ ರೂಪಾಯಿಯೊಳಗೆ, ನೀರನ್ನು ಜೋರಾಗಿ ಚಿಮ್ಮಿಸುವ ಪ್ರೆಶರ್ ವಾಷರ್ ನೋಡುತ್ತಿದ್ದೇನೆ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಒಬ್ಬ ಅಂಗಡಿಯವರು 180 ಬಾರ್ ಒತ್ತಡದ, 1400 ವ್ಯಾಟಿನ ಯಂತ್ರವೊಂದನ್ನು ತೋರಿಸಿ, "ಇದರ ಮುಂದೆ 110 ಬಾರ್ ಆಟಿಗೆ ಸಾಮಾನು" ಎಂದರು. ಪಾರ್ಕಿಂಗಿನಲ್ಲಿ ನಲ್ಲಿ ಇದೆ, ಆದರೆ ಟ್ಯಾಂಕರ್ ಬರುವ ಬೇಸಿಗೆಯ ತಿಂಗಳುಗಳಲ್ಲಿ ಕಮಿಟಿಯವರು ಅದನ್ನು ಮುಚ್ಚಿಸುತ್ತಾರೆ. ಪ್ಲಗ್ ಪಾಯಿಂಟ್ ನನ್ನ ಜಾಗದಿಂದ ಹನ್ನೆರಡು ಮೀಟರ್ ದೂರ. ಬಾರ್ ಹೆಚ್ಚಿದ್ದಷ್ಟೂ ಒಳ್ಳೆಯದೇ? ಬಕೆಟ್ಟಿನಿಂದ ನೀರೆಳೆಯುತ್ತದೆ ಎಂಬುದು ನಿಜವೇ? ಬಳಸಿ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಭೋಸರಿ_ಪಂಪ್

ಭೋಸರಿಯ ಪಂಪ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಕಳೆದವನಾದ್ದರಿಂದ ಮೊದಲು ಆ 180ರ ವಿಷಯ ಹೇಳುತ್ತೇನೆ. ಪಂಪಿನ ಶಕ್ತಿಯನ್ನು ಲೆಕ್ಕ ಹಾಕುವುದು ಬಹಳ ಸುಲಭ: ಬಾರನ್ನು ನಿಮಿಷಕ್ಕೆ ಹೊರಬರುವ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಇಂಥ ಡಬ್ಬಗಳ ಮೇಲೆ ಸಾಮಾನ್ಯವಾಗಿ ಬರೆದಿರುವಂತೆ 180 ಬಾರಿನ ಜೊತೆಗೆ ನಿಮಿಷಕ್ಕೆ 8 ಲೀಟರ್ ಎಂದಿದ್ದರೆ, ನೀರಿಗೆ ಸೇರಬೇಕಾದ ಶಕ್ತಿಯೇ 2.4 ಕಿಲೋವ್ಯಾಟ್ ಆಗುತ್ತದೆ. 1400 ವ್ಯಾಟಿನ ಮೋಟಾರು ಗೋಡೆಯಿಂದ ಎಳೆಯುವುದೇ 1.4 ಕಿಲೋವ್ಯಾಟ್, ಅದರಲ್ಲೂ ಒಂದಷ್ಟು ಬಿಸಿಯಾಗಿ, ಸದ್ದಾಗಿ ಹೋಗುತ್ತದೆ. ಹಾಗಿರುವಾಗ 2.4 ಎಲ್ಲಿಂದ ಬರಬೇಕು? ಅಂಗಡಿಯವರನ್ನು ಇದೊಂದೇ ಪ್ರಶ್ನೆ ಕೇಳಿ ನೋಡಿ, ಮಾತು ಬದಲಾಗುತ್ತದೆ.

ಇದೇ ಲೆಕ್ಕವನ್ನು ಕಾರ್ಚರ್ ಕಂಪನಿಯ ಕೆ2 ಯಂತ್ರಕ್ಕೆ ಹಚ್ಚಿ. 1400 ವ್ಯಾಟ್, ಗರಿಷ್ಠ 110 ಬಾರ್, ಗಂಟೆಗೆ 360 ಲೀಟರ್, ಅಂದರೆ ನಿಮಿಷಕ್ಕೆ 6. ಗುಣಿಸಿ ಭಾಗಿಸಿದರೆ 1.1 ಕಿಲೋವ್ಯಾಟ್ ಬರುತ್ತದೆ, 1.4ರೊಳಗೆ ಕೂತುಕೊಳ್ಳುತ್ತದೆ. ಅದನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಯಾವ ಹೆಸರಿನ ಯಂತ್ರವಾದರೂ ಡಬ್ಬದ ಚಿತ್ರವನ್ನು ಬಿಟ್ಟು, ಬೆನ್ನಿಗೆ ಅಂಟಿಸಿರುವ ಪಟ್ಟಿಯ ಅಂಕಿಗಳನ್ನು ಈ ತಕ್ಕಡಿಗೆ ಹಾಕಿ ನೋಡಿ. ಆ ಪಟ್ಟಿಯಲ್ಲಿ ಎರಡು ಒತ್ತಡಗಳಿರುತ್ತವೆ. ದೊಡ್ಡ ಅಂಕಿ ಯಂತ್ರ ಮುಟ್ಟಬಹುದಾದ ಗರಿಷ್ಠ, ಸಣ್ಣದು ಕೆಲಸ ಮಾಡುವಾಗ ನಿಜವಾಗಿ ಇರುವುದು. ಮನೆಬಳಕೆಯ 110 ಬಾರಿನ ಯಂತ್ರಗಳಲ್ಲಿ ಸಣ್ಣ ಅಂಕಿ ಸಾಮಾನ್ಯವಾಗಿ 70–75ರ ಆಸುಪಾಸು.

ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡ. ನಮ್ಮ ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಕಡಲಿನಿಂದ ಆ ನೆತ್ತಿಯವರೆಗೆ ನೀರಿನ ಕಂಬ ನಿಲ್ಲಿಸಿದರೆ ಬುಡದಲ್ಲಿ ಸಿಗುವುದು 130 ಬಾರ್. ಬಾನೆಟ್ ಮೇಲಿನ ಧೂಳಿಗೆ ಇಷ್ಟು ಬೇಕೇ ಎಂದು ನೀವೇ ಯೋಚಿಸಿ. ಕೆಸರನ್ನು ಮೆದುಗೊಳಿಸಿ ಹೊತ್ತೊಯ್ಯುವುದು ನೀರಿನ ಪ್ರಮಾಣವೇ ಹೊರತು ಬರೀ ಒತ್ತಡವಲ್ಲ. ಆದ್ದರಿಂದ 100–120 ಬಾರಿನೊಳಗೆ, ನಿಮಿಷಕ್ಕೆ 6 ಲೀಟರ್ ಕೊಡುವ ಯಂತ್ರ ನಿಮಗೆ ಸಾಕು.

ಮೋಟಾರಿನ ಬಗ್ಗೆಯೂ ಒಂದು ಮಾತು. ಈ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ಕಾರ್ಬನ್ ಬ್ರಷ್ ಇರುವ ಮೋಟಾರು. ಮಿಕ್ಸಿಯಂತೆ ಕಿರುಚುತ್ತದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೇಳುತ್ತದೆ. ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಿನದು ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಆದರೆ ಭಾರ ಮತ್ತು ಬೆಲೆ ಎರಡೂ ಏರುತ್ತವೆ. ವಾರಕ್ಕೆ ಒಂದು ಕಾರಿಗೆ ಬ್ರಷ್ ಮೋಟಾರು ಸಾಲುತ್ತದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಮಾತ್ರ ಮೊದಲನೆಯ ಮಹಡಿಯವರು ಕಿಟಕಿಗೆ ಬರುವುದು ಖಂಡಿತ.

ಫೋಂಡಾ_ಕನ್ನಡಿಗ

ಗೋವಾದ ಕೆಂಪು ಮಣ್ಣಿನಲ್ಲೇ ದಿನ ದೂಡುವವನು ನಾನು. ಬಕೆಟ್ಟಿನ ಪ್ರಶ್ನೆಗೆ ಉತ್ತರಿಸುತ್ತೇನೆ. ತಾನಾಗಿ ನೀರೆಳೆಯುವ ಸೌಲಭ್ಯ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ, ಕೇಳಿಯೇ ಕೊಳ್ಳಬೇಕು. ಇದ್ದರೂ ಅರ್ಧ ಮೀಟರಿಗಿಂತ ಕೆಳಗಿನಿಂದ ಎಳೆಯುವುದು ಕಷ್ಟ. ನಾನು ಮೊದಲು ಆನ್‌ಲೈನಿನಲ್ಲಿ ಅಗ್ಗದ ಯಂತ್ರವೊಂದನ್ನು ತರಿಸಿ, ಪೈಪನ್ನು ಬಕೆಟ್ಟಿಗಿಳಿಸಿ, ಸ್ವಿಚ್ ಹಾಕಿ, ಗನ್ ಒತ್ತಿ ನಿಂತೆ. ಬುಸ್ ಬುಸ್ ಎಂದು ಗಾಳಿ ಬಂತೇ ವಿನಾ ನೀರು ಬರಲಿಲ್ಲ. ಆಮೇಲೆ ತಿಳಿಯಿತು: ಎಳೆಯುವ ಪೈಪನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಾಗೆಯೇ ಯಂತ್ರಕ್ಕೆ ಸಿಕ್ಕಿಸಬೇಕು. ನಂತರ ಗನ್ನಿನ ಮುಂದಿನ ಕೊಳವೆ ಕಳಚಿಟ್ಟು ಟ್ರಿಗರ್ ಒತ್ತಿ ಹಿಡಿದರೆ, ಗಾಳಿಯೆಲ್ಲ ಹೋಗಿ ಬೆರಳು ದಪ್ಪದ ನೀರು ಎಡೆಬಿಡದೆ ಸುರಿಯತೊಡಗುತ್ತದೆ. ಕೊಳವೆ ಜೋಡಿಸಬೇಕಾದದ್ದು ಆಗ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ನಿಮಿಷಕ್ಕೆ 6 ಲೀಟರ್ ಕುಡಿಯುವ ಯಂತ್ರಕ್ಕೆ 20 ಲೀಟರಿನ ಬಕೆಟ್ ಮೂರು ನಿಮಿಷ ಚಿಲ್ಲರೆಗೆ ಮುಗಿದುಹೋಗುತ್ತದೆ. ನೀವು ಕಾರಿನ ಆಚೆ ಬದಿಯಲ್ಲಿದ್ದಾಗ ಬಕೆಟ್ ಬರಿದಾದರೆ ಪಂಪು ಒಣಗಿ ಓಡುತ್ತದೆ, ಒಳಗಿನ ಸೀಲುಗಳು ಹಾಳಾಗುತ್ತವೆ. ನನ್ನ ಮೊದಲನೆಯ ಯಂತ್ರ ಸತ್ತದ್ದು ಹೀಗೆಯೇ. ಗನ್ ಒತ್ತದೆ ಇದ್ದಾಗಲೂ ಎರಡು ಸೆಕೆಂಡಿಗೊಮ್ಮೆ ಟರ್ ಎಂದು ತಾನೇ ಚಾಲೂ ಆಗಿ ನಿಲ್ಲುತ್ತಿತ್ತು; ಎಲ್ಲೋ ನೀರು ಸೋರಿ ಒತ್ತಡ ಇಳಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ರಿಪೇರಿಗೆ ಒಯ್ದರೆ ಆ ಕಂಪನಿಯ ಒಂದು ರಬ್ಬರ್ ರಿಂಗ್ ಕೂಡ ಗೋವಾದಲ್ಲಿ ಸಿಗಲಿಲ್ಲ. ಎರಡನೆಯದನ್ನು ಕೊಳ್ಳುವಾಗ ಊರಿನಲ್ಲೇ ಸರ್ವಿಸ್ ಸೆಂಟರ್ ಇದೆಯೇ, ಬಿಡಿಭಾಗ ಕೊಡುತ್ತಾರೆಯೇ ಎಂದು ಫೋನ್ ಮಾಡಿ ಕೇಳಿದ ಮೇಲೆಯೇ ದುಡ್ಡು ಕೊಟ್ಟೆ. ಪುಣೆಯಲ್ಲಿ ನಿಮಗೆ ಆ ಕಷ್ಟ ಕಡಿಮೆ.

ಕೆಂಪು ಮಣ್ಣನ್ನು ಒಣಗಲು ಬಿಡಬೇಡಿ, ಊರಿಗೆ ಬಂದ ದಿನವೇ ಚಕ್ರದ ಕಮಾನಿಗೆ ನೀರು ಹಾಯಿಸಿ. ನೀರು ಬರುವ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಪ್ರತಿ ಸಲವೂ ತೆಗೆದು ತೊಳೆಯಿರಿ.

ಬಕೆಟ್ಟೇ_ಸಾಕು

ಎಲ್ಲರೂ ಯಂತ್ರ ಕೊಳ್ಳಿಸುವ ಉತ್ಸಾಹದಲ್ಲಿದ್ದೀರಿ, ಒಂದು ತಕರಾರು ನನ್ನದೂ ಇರಲಿ. ಎರಡು ಬಕೆಟ್ (ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸುವ ನೀರು), ಒಂದು ಮೈಕ್ರೋಫೈಬರ್ ಕೈಗವಸು, ತೋಟಕ್ಕೆ ಔಷಧಿ ಹೊಡೆಯುವಂಥ ಕೈಪಂಪು, ಇಷ್ಟಿದ್ದರೆ 40 ಲೀಟರಿನಲ್ಲಿ ಕಾರು ಸ್ವಚ್ಛವಾಗುತ್ತದೆ. ವಾಷರ್ ನೀರು ಉಳಿಸುತ್ತದೆ ಎಂಬ ಮಾತು ತೋಟದ ಪೈಪಿಗೆ ಹೋಲಿಸಿದರೆ ನಿಜ, ಬಕೆಟ್ಟಿಗೆ ಹೋಲಿಸಿದರೆ ಅಲ್ಲ. ಹತ್ತು ನಿಮಿಷ ಗನ್ ಒತ್ತಿದರೆ ಅಲ್ಲಿಗೆ 60 ಲೀಟರ್ ಆಯಿತು. ಟ್ಯಾಂಕರಿನ ದಿನಗಳಲ್ಲಿ ಪಾರ್ಕಿಂಗಿನಲ್ಲಿ ನೀರು ಹರಿದದ್ದನ್ನು ಯಾರಾದರೂ ಫೋಟೋ ತೆಗೆದು ಸೊಸೈಟಿಯ ಗುಂಪಿಗೆ ಹಾಕಿದರೆ, ಕಾರಿಗಿಂತ ಮೊದಲು ನೀವೇ ತೊಳೆದುಹೋಗುತ್ತೀರಿ.

ಪಿಂಪಳೆ_ಸೌದಾಗರ

ಬಕೆಟ್ಟಿನ ಪರವಾದ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಗೀರು ಬೀಳುವುದು ನೀರಿನಿಂದಲ್ಲ, ಮರಳಿನ ಕಣಗಳ ಮೇಲೆ ಬಟ್ಟೆ ಎಳೆಯುವುದರಿಂದ. ಕೈ ತಾಗಿಸುವ ಮೊದಲೇ ಆ ಕಣಗಳನ್ನು ಉದುರಿಸುವುದು ವಾಷರಿನ ನಿಜವಾದ ಉಪಯೋಗ. ಅದಕ್ಕಾಗಿಯೇ ನಾನು ಮೂರು ವರ್ಷದಿಂದ ಬಳಸುತ್ತಿದ್ದೇನೆ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಕೈಗೆ ಬಿಸಿ ತಾಗುತ್ತಿದ್ದರೆ ಆರಲು ಬಿಡಿ. ಮೊದಲು ಚಕ್ರ, ಕಮಾನುಗಳನ್ನು ಮುಗಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ. ಬಣ್ಣದಿಂದ ಗನ್ ಕನಿಷ್ಠ 30 ಸೆಂಟಿಮೀಟರ್, ಅಂದರೆ ಶಾಲೆಯ ಮಕ್ಕಳ ಅಳತೆಪಟ್ಟಿಯಷ್ಟು ದೂರವಿರಲಿ. ಬಣ್ಣದ ತಲೆಯ ನಾಝಲುಗಳು ಬಂದಿದ್ದರೆ ನೀರು ಹರಡುವ ಕೋನ ಬಿಳಿಯದಕ್ಕೆ 40 ಡಿಗ್ರಿ, ಹಸಿರಿಗೆ 25 ಡಿಗ್ರಿ; ಕಾರಿಗೆ ಇವೆರಡೇ ಸಾಕು. ಕೆಂಪು ನಾಝಲ್ ಸೊನ್ನೆ ಡಿಗ್ರಿಯದು, ಸೂಜಿಯಂತೆ ಒಂದೇ ಧಾರೆ. ಅದನ್ನೂ, ತಿರುಗುತ್ತ ಹೊಡೆಯುವ ನಾಝಲನ್ನೂ ಕಾರಿನ ಹತ್ತಿರ ತರಲೇಬೇಡಿ. ಟೈರಿನ ಪಕ್ಕಕ್ಕೆ ಹತ್ತಿರದಿಂದ ಬಿದ್ದರೆ ಕಣ್ಣಿಗೆ ಕಾಣದಂತೆ ಒಳಗೆ ಪೆಟ್ಟಾಗಬಹುದು. ಕೈಗೆ, ಕಾಲಿಗೆ ತಗುಲಿದರೆ ಧಾರೆ ಚರ್ಮವನ್ನೇ ಸೀಳಿಬಿಡುತ್ತದೆ, ಮಕ್ಕಳು ಸುತ್ತ ಇದ್ದರೆ ಗನ್ನಿನ ಲಾಕ್ ಹಾಕಿಯೇ ಇಡಿ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ಬಂಪರಿಗೆ ಗ್ಯಾರೇಜೊಂದರಲ್ಲಿ ಮರುಬಣ್ಣ ಮಾಡಿಸಿದ್ದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿತ್ತು. ಅಲ್ಲಿ ಅಂಟಿದ್ದ ಡಾಂಬರಿನ ಚುಕ್ಕೆ ಹೋಗಲೆಂದು ಗನ್ನನ್ನು ಗೇಣು ದೂರಕ್ಕೆ ತಂದೆ. ನೀರು ಆ ಅಂಚಿನ ಕೆಳಗೆ ನುಗ್ಗಿದ್ದೇ ತಡ, ಅಂಗೈ ಅಗಲದ ಬಣ್ಣ ಹಪ್ಪಳದಂತೆ ಎದ್ದು ಬಂತು. ಬಣ್ಣ ಎದ್ದ ಕಡೆ, ಸ್ಟಿಕ್ಕರಿನ ಅಂಚು, ಬಾಗಿಲಿನ ರಬ್ಬರು, ಪಾರ್ಕಿಂಗ್ ಸೆನ್ಸರ್, ರೇಡಿಯೇಟರಿನ ತೆಳು ರೆಕ್ಕೆಗಳು, ಇವುಗಳಿಂದ ದೂರವಿರಿ. ಬಾನೆಟ್ ತೆರೆದು ಎಂಜಿನ್ ತೊಳೆಯುವ ಆಸೆಯನ್ನಂತೂ ಬಿಟ್ಟುಬಿಡಿ, ಅಲ್ಲಿ ವಿದ್ಯುತ್ ಜೋಡಣೆಗಳೇ ಹೆಚ್ಚು.

ನೊರೆ ಹೊಡೆಯಲು ಫೋಮ್ ಬಾಟಲಿ ಕೊಂಡರೆ ಗನ್ನಿನ ಜೋಡಣೆ ನಿಮ್ಮ ಯಂತ್ರಕ್ಕೆ ಹೊಂದುವುದೇ ಎಂದು ನೋಡಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ನೊರೆ ದಪ್ಪ ಬರದಿದ್ದರೆ ಶಾಂಪೂ ಸುರಿಯುತ್ತ ಹೋಗಬೇಡಿ. ಒಳಗಿನ ಹಿತ್ತಾಳೆಯ ರಂಧ್ರ 1.25 ಮಿಲಿಮೀಟರ್ ಇದ್ದರೆ ಅದನ್ನು 1.1ಕ್ಕೆ ಬದಲಿಸಿ, ಕಡಿಮೆ ನೀರು ಕೊಡುವ ಸಣ್ಣ ಯಂತ್ರಗಳಿಗೆ ಅದೇ ಸರಿ. ಪಾತ್ರೆ ತೊಳೆಯುವ ದ್ರವ ಬೇಡ, ಮೇಲಿನ ವ್ಯಾಕ್ಸ್ ಎಲ್ಲ ಕಿತ್ತುಹೋಗುತ್ತದೆ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡದೆ ತಕ್ಷಣ ಒರೆಸಿ, ಇಲ್ಲದಿದ್ದರೆ ಕಪ್ಪು ಕಾರಿನ ಮೈತುಂಬ ಸುಣ್ಣದ ಬೊಟ್ಟು.

ವಾರಜೆವಾಸಿ

ಎಲ್ಲರಿಗೂ ಕೃತಜ್ಞತೆಗಳು. ಇಂದು ಮತ್ತೆ ಆ ಅಂಗಡಿಗೆ ಹೋಗಿ ಯಂತ್ರದ ಬೆನ್ನಿನ ಪಟ್ಟಿ ಓದಿದೆ. ಡಬ್ಬದ ಮೇಲಿದ್ದ 180 ಅಲ್ಲಿ ಎಲ್ಲೂ ಇರಲಿಲ್ಲ, ವ್ಯಾಟ್ ಒಂದನ್ನು ಬಿಟ್ಟು ಬೇರೆ ಅಂಕಿಯೇ ಇರಲಿಲ್ಲ. 110 ಬಾರಿನ, ತಾನಾಗಿ ನೀರೆಳೆಯುವ ಯಂತ್ರವನ್ನೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಬೇಸಿಗೆಯಲ್ಲಿ ಅದನ್ನು ಒಳಗಿಟ್ಟು ಎರಡು ಬಕೆಟ್ಟಿನ ದಾರಿ ಹಿಡಿಯುತ್ತೇನೆ. ಪಾರ್ಕಿಂಗಿನ ನಲ್ಲಿಯಲ್ಲಿ 20 ಲೀಟರಿನ ಬಕೆಟ್ ತುಂಬಲು 2 ನಿಮಿಷ 50 ಸೆಕೆಂಡ್ ಹಿಡಿಯಿತು. ಇಷ್ಟು ಸಾಕೇ? ಹನ್ನೆರಡು ಮೀಟರಿಗೆ ಎಂಥ ವೈರ್ ತರಲಿ?

ಭೋಸರಿ_ಪಂಪ್

ನಿಮ್ಮ ನಲ್ಲಿ ನಿಮಿಷಕ್ಕೆ 7 ಲೀಟರ್ ಕೊಡುತ್ತಿದೆ, ಯಂತ್ರ 6 ಕುಡಿಯುತ್ತದೆ. ನೇರವಾಗಿ ಸಿಕ್ಕಿಸಿದರೆ, ಮೇಲಿನವರು ಯಾರಾದರೂ ಗೀಸರ್ ತಿರುಗಿಸಿದ ಕೂಡಲೇ ಸಾಲದೆ ಹೋದೀತು. ಆದ್ದರಿಂದ 60 ಲೀಟರಿನ ಪ್ಲಾಸ್ಟಿಕ್ ಡ್ರಮ್ ನಡುವೆ ಇಟ್ಟುಕೊಳ್ಳಿ: ನಲ್ಲಿಯ ಪೈಪ್ ಡ್ರಮ್ಮಿಗೆ, ಯಂತ್ರದ ಪೈಪ್ ಡ್ರಮ್ಮಿನಿಂದ. ತುಂಬಿದ ಮೇಲೆ ಶುರು ಮಾಡಿದರೆ ಅದು ಬರಿದಾಗುವ ಪ್ರಶ್ನೆಯೇ ಇಲ್ಲ.

1400 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ 6 ಆಂಪಿಯರಿಗಿಂತ ಸ್ವಲ್ಪ ಹೆಚ್ಚು, ಹಾಗಾಗಿ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಬೇಡಿ. 16 ಆಂಪಿಯರಿನದು ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಿ. ತಪಕೀರ್ ಗಲ್ಲಿಯಲ್ಲಿ 2.5 ಚದರ ಮಿಲಿಮೀಟರಿನ, ಮೂರು ತಂತಿಯ ಕೇಬಲ್ ಕೇಳಿ. ಸುತ್ತಿದ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿಟ್ಟೇ ಓಡಿಸಿದರೆ ಒಳಗೆ ಕಾಯುತ್ತದೆ. ಪ್ಲಗ್ಗಿನ ಜೋಡಣೆ ಒದ್ದೆ ನೆಲದ ಮೇಲೆ ಬಿದ್ದಿರಬಾರದು, ಸ್ಟೂಲಿನ ಮೇಲಿಡಿ. ಆ ಸಾಲಿಗೆ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದಲೇ ನೋಡಿಸಿ, ಇದರಲ್ಲಿ ಮಾತ್ರ ಜುಗ್ಗತನ ಬೇಡ.

ಕಮಿಟಿಯವರು ಸೊಸೈಟಿಯ ಮೀಟರಿನ ಮಾತೆತ್ತಿದರೆ, ಇಪ್ಪತ್ತು ನಿಮಿಷ ಓಡಿಸಿದರೂ ಖರ್ಚಾಗುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ ಎಂದು ಲೆಕ್ಕ ತೋರಿಸಿ, ತಿಂಗಳಿಗೆ ಎರಡು ಯೂನಿಟ್ಟಿನ ಹಣ ಮುಂಗಡವಾಗಿಯೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.