ರಾತ್ರಿ ಸರಿ ನಡೀತದ, ಹಗಲಿನಾಗ ಪಾಪೆ ಸಿಗವಲ್ದು: ವೆಬ್‌ಕ್ಯಾಮ್ ಐ ಟ್ರ್ಯಾಕರ್

ರಾಯಚೂರು_ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ದೊಡ್ಡಪ್ಪಗ ಲಕ್ವಾ ಹೊಡೆದು ಮಾತು, ಕೈ ಎರಡೂ ಹೋಗ್ಯಾವ. ಕಣ್ಣು ಮಾತ್ರ ಚುರುಕ ಅದಾವ. ‘ನೀರು’, ‘ಮಗ್ಗಲು ಬದಲಿಸು’, ‘ಫ್ಯಾನ್’ ಅಂತ ಚೌಕ ಇಟ್ಟು, ಅವರು ನೋಡಿದ್ದನ್ನ ಲ್ಯಾಪ್‌ಟಾಪ್ ಬಾಯಿಬಿಟ್ಟು ಹೇಳಂಗ ಮಾಡಾಕತ್ತೀನಿ. ಹಳೇ ವೆಬ್‌ಕ್ಯಾಮ್ ಬಿಚ್ಚಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ತಡೆಯೋ ಗಾಜು ತೆಗೆದು, ಆ ಜಾಗಕ್ಕ ಡೆವಲಪ್ ಆದ ಫಿಲ್ಮ್ ರೋಲಿನ ಕಪ್ಪು ತುದಿ ಇಟ್ಟೀನಿ. 850 ನ್ಯಾನೊಮೀಟರ್ ಐಆರ್ ಎಲ್‌ಇಡಿ ಎರಡು, 5 ವೋಲ್ಟಿಗೆ ಒಂದೊಂದಕ್ಕೂ 180 ಓಮ್ ರೆಸಿಸ್ಟರ್. ಓಪನ್‌ಸಿವಿಯಾಗ (ಕ್ಯಾಮೆರಾ ಚಿತ್ರ ಪರೀಕ್ಷೆ ಮಾಡೋ ಸಾಫ್ಟ್‌ವೇರ್) ಚಿತ್ರ ಬ್ಲರ್ ಮಾಡಿ, ಥ್ರೆಶೋಲ್ಡ್ (ಎಷ್ಟು ಕಪ್ಪಿದ್ರ ಪಾಪೆ ಅನ್ನೋ ಮಿತಿ) ಹಾಕಿ, ಆಮೇಲೆ ಎಲ್ಲಾಕ್ಕಿಂತ ದೊಡ್ಡ ಕಾಂಟೂರಿಗೆ (ಕಪ್ಪು ಭಾಗದ ಅಂಚಿಗೆ) ಎಲಿಪ್ಸ್ (ಮೊಟ್ಟೆಯಾಕಾರದ ಗೆರೆ) ಹೊಂದಿಸ್ತೀನಿ. ರಾತ್ರಿ ಟ್ಯೂಬ್‌ಲೈಟಿನಾಗ ಭಾಳ ಚೊಲೋ. ಬಿಸಿಲು ಏರಿತಂದ್ರ ಎಲಿಪ್ಸ್ ರೆಪ್ಪಿ, ಹುಬ್ಬಿನ ಮ್ಯಾಲೆ ಜಿಗೀತದ. ಕಿಟಕಿಗೆ ಕಪ್ಪು ಪರದೆ ಹಾಕಿದ್ರೂ ಅಷ್ಟೇ.

ಬಳ್ಳಾರಿ_ಬೆಸುಗೆ:
ಅಣ್ಣಾ, ಥ್ರೆಶೋಲ್ಡ್ ತಿರುವೋದು ಬಿಡ್ರಿ, ತೊಂದ್ರೆ ಬಿಸಿಲಿಂದು. ಫಿಲ್ಮ್ ತುಂಡು ಕಣ್ಣಿಗೆ ಕಾಣೋ ಬೆಳಕನ್ನಷ್ಟೇ ತಡೀತೈತಿ, ಬಿಸಿಲಿನ ಐಆರ್ ಸೀದಾ ಒಳಗ ಬರ್ತೈತಿ. ಟ್ಯೂಬ್‌ಲೈಟಿನಾಗ ಅದು ಭಾಳ ಕಡಿಮಿ. ನಿಮ್ಮ ಪರದೆ ಸಿಂಥೆಟಿಕ್ ಇದ್ರ ನಮಗ ಕಪ್ಪು ಕಂಡ್ರೂ ಐಆರ್ ದಾಟಿಸಬಹುದು. ಎಲ್‌ಇಡಿ ಆರಿಸಿ ಅದೇ ಕ್ಯಾಮೆರಾನ ಕಿಟಕಿ ಕಡೆ ತಿರುಗಿಸ್ರಿ. ಪರದೆ ಬೆಳ್ಳಗ ಕಂಡ್ರ ಗೊತ್ತಾತು. ದಪ್ಪ ಕಂಬಳಿ ಕಟ್ಟಿ ನೋಡ್ರಿ. ಕ್ಯಾಮೆರಾ ತಾನಾಗೇ ಬೆಳಕು ಹೆಚ್ಚುಕಡಿಮಿ ಮಾಡೋ ಆಟೊ ಎಕ್ಸ್‌ಪೋಶರ್ ಬಂದ್ ಮಾಡ್ರಿ.

ಕೊಪ್ಪಳ_ಓಪನ್‌ಸಿವಿ:
ಇನ್ನೊಂದು ಐತ್ರಿ. ಬೆಳಕಿಗೆ ಪಾಪೆ ಸಣ್ಣದಾಗತೈತಿ: ಕತ್ತಲಿನಾಗ 4ರಿಂದ 8 ಮಿಲಿಮೀಟರ್, ಬೆಳಕಿನಾಗ 2ರಿಂದ 4. ಕೋಡಿನಾಗ ರಾತ್ರಿ ನೋಡಿ ಪಾಪೆಗೆ ಕನಿಷ್ಠ ಗಾತ್ರ ಇಟ್ಟಿದ್ರ ಅದು ಹಗಲಿಗೆ ಒಗ್ಗಲ್ಲ, ‘ದೊಡ್ಡ ಕಾಂಟೂರ್’ ಅಂದ್ರ ರೆಪ್ಪಿನೇ ಸಿಗತೈತಿ. ಗಾತ್ರದ ಜೊತಿಗೆ ದುಂಡಗಿನ ಆಕಾರನೂ ನೋಡ್ರಿ. ಪಾಪೆಯ ನಡುವಿನಿಂದ ಎಲ್‌ಇಡಿ ಹೊಳಪಿನ ಚುಕ್ಕಿಗೆ ಇರೋ ದೂರ, ದಿಕ್ಕು ಹಿಡೀರಿ, ತಲಿ ಸ್ವಲ್ಪ ಅಲುಗಿದ್ರೂ ಲೆಕ್ಕ ಭಾಳ ತಪ್ಪಲ್ಲ. ಕಣ್ಣಿನ ವಿಷಯ, ಇದನ್ನ ಹಗುರಾಗಿ ತಗೋಬ್ಯಾಡ್ರಿ: ಐಆರ್ ಕಣ್ಣಿಗೆ ಕಾಣಲ್ಲ, ಹಂಗಾಗಿ ಎಷ್ಟು ಜೋರಿದ್ರೂ ಅವರು ಕಣ್ಣು ಮುಚ್ಚಿಕೊಳ್ಳಲ್ಲ. ಎಲ್‌ಇಡಿ ಮುಖಕ್ಕ ಹತ್ರ ಇಡಬ್ಯಾಡ್ರಿ, ರೆಸಿಸ್ಟರ್ ಕಡಿಮಿ ಮಾಡಬ್ಯಾಡ್ರಿ, ಡಾಕ್ಟರ್‌ಗೂ ಒಮ್ಮೆ ತೋರಿಸ್ರಿ.

ರಾಯಚೂರು_ಕ್ಯಾಮೆರಾ:
ಬಳ್ಳಾರಿ ಅಣ್ಣಾರ ಮಾತು ಖರೇ ಆತ್ರಿ, ಪರದೆ ಕ್ಯಾಮೆರಾದಾಗ ಬಿಳಿ ಹಾಳಿ ಕಂಡಂಗ ಕಾಣ್ತು! ಕಂಬಳಿ ಕಟ್ಟಿದ ಮ್ಯಾಲೆ ಮಧ್ಯಾಹ್ನನೂ ಎಲಿಪ್ಸ್ ಪಾಪೆ ಬಿಟ್ಟು ಅಲುಗವಲ್ದು. ದೊಡ್ಡಪ್ಪ ‘ಫ್ಯಾನ್’ ಚೌಕ ನೋಡಿದ್ರು, ಲ್ಯಾಪ್‌ಟಾಪ್ ಹೇಳ್ತು, ದೊಡ್ಡವ್ವ ಓಡಿಹೋಗಿ ಸ್ವಿಚ್ ಒತ್ತಿದ್ಳು. ಆದ್ರ ಕೆಳಗಿನ ಚೌಕ ನೋಡಿದಾಗ ಮ್ಯಾಲಿನ ರೆಪ್ಪಿ ಪಾಪೆ ಮುಚ್ಚತದ. ಕ್ಯಾಮೆರಾ ಲ್ಯಾಪ್‌ಟಾಪ್ ಸ್ಕ್ರೀನಿನ ಮ್ಯಾಲಿನ ತುದಿಗೆ ಅದ.

ಕೊಪ್ಪಳ_ಓಪನ್‌ಸಿವಿ:
ಕ್ಯಾಮೆರಾ ಕೆಳಗ ತರ್ರಿ, ಕೀಬೋರ್ಡ್ ಹತ್ರ, ಮುಖ ಮ್ಯಾಲೆ ಮಾಡಿ. ಕೆಳಗಿಂದ ನೋಡಿದ್ರ ರೆಪ್ಪಿ ಅಡ್ಡ ಬರೋದು ಕಡಿಮಿ. ಕ್ಯಾಲಿಬ್ರೇಶನ್ (ಸ್ಕ್ರೀನಿನ ಚುಕ್ಕಿ ಒಂದೊಂದಾಗಿ ನೋಡಿಸಿ, ನೋಟ ಎಲ್ಲಿ ಬೀಳತೈತಿ ಅಂತ ಹೊಂದಿಸೋದು) ಮಾತ್ರ ಹೊಸದಾಗಿ ಮಾಡಬೇಕು. ಒಂಬತ್ತು ಚುಕ್ಕಿ ನೋಡೋದು ಅವರಿಗೆ ದಣಿವಾಗತೈತಿ ಅಂದ್ರ, ಸದ್ಯಕ್ಕ ನಾಕೇ ದೊಡ್ಡ ಚೌಕ ಇಟ್ಟು ನಾಕು ಮೂಲಿಗೆ ಮಾಡಿಸ್ರಿ, ಸಾಕು.